ದತ್ತಮಂಡಲದ ಮನ್ರೋ ಸಾಹೇಬರು

ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಹುಟ್ಟಿ ಬೆಳೆದ ನಮಗೆ ಗಡಿ ಎಂಬ ಮಾತು ಹೊಸದಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಹೊಲ ಒಂದು ರಾಜ್ಯದಲ್ಲಿ, ನೆಂಟರು ಇನ್ನೊಂದು ರಾಜ್ಯದಲ್ಲಿ. ವಿಜಯನಗರದ ಅರಸರು, ಬಿಜಾಪುರದ ಸುಲ್ತಾನರು, ಮರಾಠರು, ಹೈದರ್ ಮತ್ತು ಟಿಪ್ಪು, ಹೈದರಾಬಾದಿನ ನಿಜಾಮರು, ಇಂಗ್ಲಿಷ್ ಕಂಪನಿ ಹೀಗೆ ಒಬ್ಬರಾದ ಮೇಲೊಬ್ಬರು ಈ ನೆಲವನ್ನು ಆಳಿದರು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ನಮ್ಮ ಹಿರಿಯರು ಇದ್ದ ಮನೆಯಲ್ಲೇ ಇದ್ದರು. ಅವರ ರಾಜ್ಯ ಮಾತ್ರ ಬದಲಾಯಿತು.

ಇಷ್ಟು ಆಡಳಿತಗಳು ಬಂದು ಹೋದರೂ ಈ ಸೀಮೆಯ ಜನ ತಮ್ಮ ಮಕ್ಕಳಿಗೆ ಹೆಸರಿಟ್ಟು ನೆನೆದ ಪರದೇಶದ ಅಧಿಕಾರಿ ಒಬ್ಬರೇ. ಹಿಂದೆ ಈ ಭಾಗದಲ್ಲಿ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂಬ ಹೆಸರಿಡುತ್ತಿದ್ದರು. ಕೆಲವರು ಅವರನ್ನು ಮಾಂಡವ್ಯ ಋಷಿಯ ಅವತಾರವೆಂದೇ ಕರೆದರು. ಅವರು ಸರ್ ಥಾಮಸ್ ಮನ್ರೋ. ಬಡ ಗಡಿಸೀಮೆಯೊಂದು ಏಳಿಗೆ ಹೊಂದಬೇಕಾದರೆ ಏನೇನು ಬೇಕು, ಏನು ತಪ್ಪಿದರೆ ಮತ್ತೆ ಬೀಳುತ್ತದೆ ಎಂಬುದು ಅವರ ಜೀವನದಿಂದ ಸ್ಪಷ್ಟವಾಗುತ್ತದೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಅದನ್ನು ತಿಳಿಯುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ಬಾಲ್ಯ ಮತ್ತು ಸೈನಿಕ ಜೀವನ

ಥಾಮಸ್ ಮನ್ರೋ 1761ರ ಮೇ 27ರಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕರು. ಬಾಲಕನಾಗಿದ್ದಾಗ ಬಂದ ದಡಾರದಿಂದ ಥಾಮಸನ ಕಿವಿ ಮಂದವಾಯಿತು. ಆ ಕೊರತೆ ಕೊನೆಯವರೆಗೂ ಉಳಿಯಿತು. ಆದರೆ ಓದಿನಲ್ಲಿ ಹುಡುಗ ಹಿಂದೆ ಬೀಳಲಿಲ್ಲ. ಗಣಿತ ಮತ್ತು ರಸಾಯನಶಾಸ್ತ್ರದಲ್ಲಿ ವಿಶೇಷ ಆಸಕ್ತಿ ಇತ್ತು. ಸ್ಪೇನಿನ ಪ್ರಸಿದ್ಧ ಕಾದಂಬರಿ ಡಾನ್ ಕ್ವಿಕ್ಸೋಟನ್ನು ಮೂಲದಲ್ಲೇ ಓದಬೇಕೆಂಬ ಆಸೆಯಿಂದ ಆ ಭಾಷೆಯನ್ನು ತಾನೇ ಕಲಿತನಂತೆ. ಪರಭಾಷೆಯನ್ನು ಕಷ್ಟಪಟ್ಟು ಕಲಿಯುವ ಈ ಗುಣ ಮುಂದೆ ಭಾರತದಲ್ಲಿ ಬಹಳ ಪ್ರಯೋಜನಕ್ಕೆ ಬಂತು.

ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾಗಿ ತಂದೆಯ ವ್ಯಾಪಾರ ಮುಳುಗಿತು. ಮನೆಯ ಸ್ಥಿತಿ ಕೆಟ್ಟಿದ್ದರಿಂದ ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ, 1780ರಲ್ಲಿ ಹದಿನೆಂಟು ವರ್ಷದ ತರುಣನಾಗಿ ಮದ್ರಾಸಿನಲ್ಲಿ ಇಳಿದರು. ಅದೇ ವರ್ಷ ಹೈದರಾಲಿಯೊಡನೆ ಯುದ್ಧ ಹೊತ್ತಿಕೊಂಡಿತು. ಯುದ್ಧ ಮುಗಿದ ಮೇಲೆ ಸಿಕ್ಕಿದ ಬಿಡುವನ್ನು ಅವರು ಇತರ ತರುಣ ಅಧಿಕಾರಿಗಳಂತೆ ಬೇಟೆ, ಕೂಟಗಳಲ್ಲಿ ಕಳೆಯಲಿಲ್ಲ. ಪಾರಸಿ ಮತ್ತು ಹಿಂದೂಸ್ತಾನಿ ಭಾಷೆಗಳನ್ನು ಕಲಿತರು. ಸೈನಿಕನಾಗಿ ಬಂದವರು ಕಂದಾಯದ ಅಧಿಕಾರಿಯಾಗಲು ಈ ಭಾಷಾಜ್ಞಾನವೇ ದಾರಿಮಾಡಿತು.

ಬಾರಾಮಹಲಿನಿಂದ ಕೆನರಾಕ್ಕೆ

1792ರಲ್ಲಿ ಟಿಪ್ಪುವಿನಿಂದ ಕಂಪನಿಗೆ ದೊರೆತ ಬಾರಾಮಹಲ್, ಎಂದರೆ ಇಂದಿನ ಕೃಷ್ಣಗಿರಿ, ಧರ್ಮಪುರಿ ಕಡೆಯ ಸೀಮೆ, ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಅವರ ಆಡಳಿತಕ್ಕೆ ಬಂತು. ಮನ್ರೋ ಅವರ ಸಹಾಯಕರಾದರು. ಏಳು ವರ್ಷ ಅಲ್ಲಿ ಹಳ್ಳಿಯಿಂದ ಹಳ್ಳಿಗೆ ತಿರುಗಿ ಭೂಮಿ, ಬೆಳೆ, ಕಂದಾಯಗಳ ಒಳಗುಟ್ಟನ್ನು ತಿಳಿದರು. ಹಳ್ಳಿಯನ್ನು ಗುತ್ತಿಗೆದಾರನಿಗೋ ಜಮೀನ್ದಾರನಿಗೋ ಒಪ್ಪಿಸಿದರೆ ಆತ ರೈತನನ್ನು ಹಿಂಡುತ್ತಾನೆ, ಸರಕಾರಕ್ಕೂ ಸರಿಯಾಗಿ ಕಟ್ಟುವುದಿಲ್ಲ. ಆದ್ದರಿಂದ ಸರಕಾರವು ಉಳುವವನೊಡನೆಯೇ ನೇರವಾಗಿ ಲೆಕ್ಕ ಇಟ್ಟುಕೊಳ್ಳಬೇಕು ಎಂಬ ವಿಚಾರ ರೀಡ್ ಮತ್ತು ಮನ್ರೋ ಇಬ್ಬರಲ್ಲಿಯೂ ಇಲ್ಲಿ ಬಲವಾಯಿತು. ಅದೇ ಮುಂದೆ ರೈತವಾರಿ ಪದ್ಧತಿ ಎಂದು ಪ್ರಸಿದ್ಧವಾಯಿತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮನ್ರೋ ಕೆನರಾ ಜಿಲ್ಲೆಯ ಕಲೆಕ್ಟರಾದರು. ಅಂದಿನ ಕೆನರಾ ಕಾರವಾರದಿಂದ ಕಾಸರಗೋಡಿನವರೆಗೂ ಹಬ್ಬಿತ್ತು. ಬಿಡದೆ ಸುರಿಯುವ ಮಳೆ ಅವರಿಗೆ ಹಿಡಿಸಲಿಲ್ಲ. ಆದರೆ ಆ ನಾಡಿನಲ್ಲಿ ರೈತರಿಗೆ ತಮ್ಮ ಭೂಮಿಯ ಮೇಲೆ ತಲೆತಲಾಂತರದ ಒಡೆತನವಿದ್ದುದನ್ನೂ, ಹಳೆಯ ಕಂದಾಯ ಮಿತವಾಗಿದ್ದ ಕಾಲದಲ್ಲಿ ನಾಡು ಸಮೃದ್ಧವಾಗಿದ್ದುದನ್ನೂ ಅವರು ಗಮನಿಸಿದರು. ಕಂದಾಯ ಹಗುರವಾದರೆ ರೈತ ಭೂಮಿಯನ್ನು ತನ್ನದೆಂದು ಪ್ರೀತಿಸಿ ಬೆಳೆಸುತ್ತಾನೆ ಎಂಬ ಪಾಠವನ್ನು ಅವರು ಅಲ್ಲಿಂದ ಹೊತ್ತು ತಂದರು.

ದತ್ತಮಂಡಲ ಹೇಗಿತ್ತು?

1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮರು ತಮ್ಮಲ್ಲಿ ಇರಿಸಿಕೊಂಡ ಕಂಪನಿ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಭಾಗಗಳನ್ನು ಕಂಪನಿಗೆ ಬಿಟ್ಟುಕೊಟ್ಟರು. ಕೊಡಲ್ಪಟ್ಟ ನಾಡಾದ್ದರಿಂದ ಇದಕ್ಕೆ ದತ್ತಮಂಡಲ ಎಂಬ ಹೆಸರು ಬಂತು. ರಾಯಲಸೀಮೆ ಎಂಬ ಹೆಸರು ಬಳಕೆಗೆ ಬಂದದ್ದು 1928ರ ನಂತರ. ಮನ್ರೋ ಈ ವಿಶಾಲ ಪ್ರದೇಶದ ಪ್ರಧಾನ ಕಲೆಕ್ಟರಾಗಿ ಬಂದರು. ಅವರ ಕೈಕೆಳಗೆ ನಾಲ್ವರು ಉಪ ಕಲೆಕ್ಟರರಿದ್ದರು.

ಉತ್ತರಕ್ಕೆ ತುಂಗಭದ್ರೆ, ಅದರ ಆಚೆ ನಿಜಾಮರ ರಾಜ್ಯ. ಪಶ್ಚಿಮಕ್ಕೂ ದಕ್ಷಿಣಕ್ಕೂ ಮೈಸೂರು ಸಂಸ್ಥಾನ. ನಡುವಿನ ಈ ನಾಡಿನಲ್ಲಿ ಮಳೆ ಕಡಿಮೆ, ಎರೆಭೂಮಿ ಮತ್ತು ಕಲ್ಲುನೆಲ ಹೆಚ್ಚು. ಯುದ್ಧಗಳಲ್ಲಿ ಎಲ್ಲರ ಸೈನ್ಯಗಳೂ ಇದನ್ನು ತುಳಿದು ಹೋಗಿದ್ದವು. ಸುಮಾರು 80 ಮಂದಿ ಪಾಳೆಯಗಾರರು ಸಾವಿರಾರು ಬಂಟರನ್ನು ಇಟ್ಟುಕೊಂಡು ಊರೂರಿನಲ್ಲಿ ಸುಂಕ, ಕಾಣಿಕೆ ಎತ್ತುತ್ತಿದ್ದರು. ಕಂದಾಯ ವಸೂಲಿಗಾರ ಒಂದು ಕಡೆ, ಪಾಳೆಯಗಾರ ಇನ್ನೊಂದು ಕಡೆ. ಇಬ್ಬರ ನಡುವೆ ಸಿಕ್ಕಿದ ರೈತ ಏನು ಮಾಡಬೇಕು? ರಾತ್ರೋರಾತ್ರಿ ಎತ್ತು, ಮಡಿಕೆ, ಮಕ್ಕಳನ್ನು ಕಟ್ಟಿಕೊಂಡು ಗಡಿ ದಾಟುತ್ತಿದ್ದ. ಮೈಸೂರಿನಲ್ಲಿ ಹಗುರವಾಗಿದ್ದರೆ ಅಲ್ಲಿಗೆ, ನಿಜಾಮರಲ್ಲಿ ಹಗುರವಾಗಿದ್ದರೆ ಇನ್ನೊಂದು ಕಡೆಗೆ. ಗಡಿನಾಡಿನ ಬಡವನಿಗೆ ಅನ್ಯಾಯದ ವಿರುದ್ಧ ಇದ್ದ ಆಯುಧ ಇದೊಂದೇ. ಊರು ಬಿಟ್ಟು ಹೋದ ರೈತನನ್ನು ಸಿಪಾಯಿಗಳನ್ನು ಕಳಿಸಿ ತರಲಾಗುವುದಿಲ್ಲ, ನಂಬಿಕೆ ಹುಟ್ಟಿಸಿಯೇ ಕರೆತರಬೇಕು ಎಂಬುದನ್ನು ಅರಿತದ್ದು ಮನ್ರೋ ಅವರ ದೊಡ್ಡತನ.

ಡೇರೆಯಲ್ಲಿ ಕಳೆದ ಏಳು ವರ್ಷ

ಪಾಳೆಯಗಾರರನ್ನು ಅವರು ಮೊದಲು ಅಡಗಿಸಿದರು. ಕೆಲವರಿಗೆ ವಿಶ್ರಾಂತಿ ವೇತನ ದೊರೆಯಿತು, ಕೆಲವರು ನಾಡು ಬಿಡಬೇಕಾಯಿತು. ಈ ಕೆಲಸದಲ್ಲಿ ಅವರು ಕಠೋರರಾಗಿಯೇ ನಡೆದುಕೊಂಡರು. ಆಮೇಲೆ ರೈತರ ಕಡೆಗೆ ತಿರುಗಿದರು. ಅನಂತಪುರದಲ್ಲಿ ಅವರ ಕಚೇರಿ ಇದ್ದರೂ ಬಹುಕಾಲ ವಾಸ ಡೇರೆಯಲ್ಲಿ. ಕಾವಲು ಇಲ್ಲದೆ ಹಳ್ಳಿಗಳನ್ನು ಸುತ್ತುವರು. ಜಮಾಬಂದಿಯ ಕಾಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೌಡ, ಕರಣಂ, ರೈತರೆಲ್ಲ ಡೇರೆಯ ಮುಂದೆ ಸೇರುವರು. ಪ್ರತಿಯೊಬ್ಬನ ಮಾತನ್ನೂ ಮಂದ ಕಿವಿಯ ಸಾಹೇಬರು ಸಹನೆಯಿಂದ ಕೇಳುವರು. ಜಿಲ್ಲೆಯ ಅಧಿಕಾರಿ ಆ ಜಿಲ್ಲೆಯ ಭಾಷೆ ಕಲಿಯಲೇಬೇಕೆಂಬುದು ಅವರ ಹಟವಾಗಿತ್ತು. ದುಭಾಷಿಯ ಬಾಯಿಂದ ಬಂದ ರೈತನ ಮಾತು ಅರ್ಧ ಸತ್ತಿರುತ್ತದೆ ಎಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು.

1802ರಲ್ಲಿ ಭೂಮಿಯ ಅಳತೆ ಆರಂಭವಾಯಿತು. ಕೆಲವೇ ಗುಮಾಸ್ತರಿಂದ ಮೊದಲಾದ ಕೆಲಸಕ್ಕೆ ಮುಂದೆ ಅನೇಕ ಮಂದಿ ಮೋಜಣಿದಾರರು ತಯಾರಾದರು. ಅಳತೆಯ ಸರಪಳಿ 33 ಅಡಿ ಉದ್ದ. 33 ಅಡಿ ಉದ್ದ, 33 ಅಡಿ ಅಗಲದ ಚೌಕ 1,089 ಚದರ ಅಡಿ. ಅಂಥ 40 ಚೌಕಗಳು ಸೇರಿದರೆ 43,560 ಚದರ ಅಡಿ, ಎಂದರೆ ಒಂದು ಎಕರೆ. ನಲವತ್ತು ಗುಂಟೆಗೆ ಒಂದು ಎಕರೆ ಎಂದು ನಮ್ಮ ಮಕ್ಕಳು ಗಣಿತದ ತರಗತಿಯಲ್ಲಿ ಹೇಳುವ ಲೆಕ್ಕವೇ ಆ ಸರಪಳಿಯ ಹಿಂದೆಯೂ ಇತ್ತು. ಅಳತೆಯಾದ ಹೊಲವನ್ನು ಖುಷ್ಕಿ, ತರಿ, ಬಾಗಾಯತು ಎಂದೂ, ಮಣ್ಣಿನ ಗುಣ ನೋಡಿ ಹಲವು ದರ್ಜೆಗಳೆಂದೂ ವಿಂಗಡಿಸಿ, ಗೌಡರನ್ನೂ ರೈತರನ್ನೂ ಕೇಳಿ ಕಂದಾಯ ಗೊತ್ತುಮಾಡಿದರು. ಯಾವ ಹೊಲ ಯಾರದು, ಎಷ್ಟು ಕಟ್ಟಬೇಕು, ಯಾವ ಕಿಸ್ತಿನಲ್ಲಿ ಕಟ್ಟಬೇಕು ಎಂಬುದು ರೈತನಿಗೆ ಮುಂಚಿತವಾಗಿ ತಿಳಿಯುವಂತಾಯಿತು.

ಬಿತ್ತನೆಗೆ, ಎತ್ತಿಗೆ, ಬಾವಿ ತೋಡುವುದಕ್ಕೆ ಸರಕಾರದಿಂದ ತಗಾವಿ ಸಾಲ ಸಿಕ್ಕಿತು. ಒಡೆದ ಕೆರೆಗಳ ಏರಿಯನ್ನೂ ತೂಬನ್ನೂ ದುರಸ್ತಿ ಮಾಡಿಸಿದರು. ಈ ಸೀಮೆಯಲ್ಲಿ ಕೆರೆ ಉಳಿದರೆ ಊರು ಉಳಿದಂತೆ ಎಂಬುದು ಅವರಿಗೆ ಗೊತ್ತಿತ್ತು. ಊರು ಬಿಟ್ಟು ಹೋದ ರೈತರು ಬರಬರುತ್ತ ಹಿಂತಿರುಗಿದರು. ಬೀಳುಬಿದ್ದ ಹೊಲಗಳಲ್ಲಿ ಮತ್ತೆ ಕೂರಿಗೆ ನಡೆಯಿತು. ಏಳು ವರ್ಷಗಳಲ್ಲಿ ದತ್ತಮಂಡಲದ ವರಮಾನ ಸುಮಾರು 4 ಲಕ್ಷ ಪೌಂಡಿನಿಂದ ಸುಮಾರು 6 ಲಕ್ಷ ಪೌಂಡಿಗೆ ಏರಿತು.

ಮಂತ್ರಾಲಯದ ಶ್ರೀ ರಾಘವೇಂದ್ರಸ್ವಾಮಿಗಳ ಮಠದ ಇನಾಂ ವಿಚಾರಣೆಗೆ ಹೋದಾಗ ಮನ್ರೋ ಅವರಿಗೆ ಗುರುಗಳ ದರ್ಶನವಾಯಿತೆಂದೂ, ಇನಾಂ ಹಾಗೆಯೇ ಮುಂದುವರಿಯಿತೆಂದೂ ಭಕ್ತರು ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಅನ್ಯಧರ್ಮದ ಅಧಿಕಾರಿಯೊಬ್ಬನನ್ನು ಜನ ತಮ್ಮ ಗುರುವಿನ ಕಥೆಯೊಳಗೆ ಸೇರಿಸಿಕೊಂಡರೆಂದರೆ, ಆತನಲ್ಲಿ ಅವರಿಗೆ ಎಷ್ಟು ವಿಶ್ವಾಸವಿತ್ತೆಂಬುದನ್ನು ನಾವು ಊಹಿಸಬಹುದು.

ಕೇಳದೆ ಹೋದ ಸಲಹೆ

ಇಷ್ಟಾದರೂ ಮನ್ರೋ ಅವರಿಗೆ ತೃಪ್ತಿ ಇರಲಿಲ್ಲ. ವರಮಾನ ಏರಿದ್ದು ನಿಜ. ಆದರೆ ಬೆಳೆಯ ಹತ್ತಿರ ಹತ್ತಿರ ಅರ್ಧ ಪಾಲು ಕಂದಾಯಕ್ಕೇ ಹೋಗುತ್ತಿತ್ತು. ಇಷ್ಟು ಭಾರ ಹೊತ್ತ ರೈತ ಒಳ್ಳೆಯ ವರ್ಷ ಬದುಕಬಲ್ಲ. ಬರ ಬಂದ ವರ್ಷ ಮತ್ತೆ ಗಡಿ ದಾಟಬೇಕಾಗುತ್ತದೆ. ಅದಕ್ಕಾಗಿ 1807ರ ಆಗಸ್ಟ್ 15ರಂದು ಅವರು ಮದ್ರಾಸಿನ ಸರಕಾರಕ್ಕೆ ಒಂದು ವರದಿ ಬರೆದರು. ಎಲ್ಲ ಭೂಮಿಗಳ ಕಂದಾಯವನ್ನೂ ನೂರಕ್ಕೆ 25ರಂತೆ ಇಳಿಸಬೇಕು, ಕೆರೆಬಾವಿಗಳ ನೀರಾವರಿ ಭೂಮಿಗೆ ಇನ್ನೂ 8ರಂತೆ, ಎಂದರೆ ಒಟ್ಟು ಮೂರನೆಯ ಒಂದು ಪಾಲು ಇಳಿಸಬೇಕು, ಭೂಮಿಯ ಒಡೆತನ ರೈತನಿಗೇ ಸ್ಥಿರವಾಗಬೇಕು ಎಂಬುದು ಅವರ ಸಲಹೆ. ಹೆಚ್ಚು ವಸೂಲಿ ಮಾಡಿ ಮೇಲಧಿಕಾರಿಗಳ ಮೆಚ್ಚುಗೆ ಪಡೆದ ಕಲೆಕ್ಟರರೇ, ಅದು ರೈತನಿಗೆ ಹೆಚ್ಚಾಯಿತು, ಇಳಿಸಿರಿ ಎಂದು ಕೇಳಿದ್ದು ಸಾಮಾನ್ಯ ಸಂಗತಿಯಲ್ಲ.

ಸರಕಾರ ಒಪ್ಪಲಿಲ್ಲ. ಮನ್ರೋ ಸ್ವದೇಶಕ್ಕೆ ಹೊರಟರು. ಅವರು ಹೋದ ಮೇಲೆ ರೈತವಾರಿ ನಿಂತು ಹಳ್ಳಿಗಳನ್ನು ಮೊದಲು ಮೂರು ವರ್ಷಕ್ಕೆ, ನಂತರ ಹತ್ತು ವರ್ಷಕ್ಕೆ ಗುತ್ತಿಗೆ ಕೊಡುವ ಪದ್ಧತಿ ಬಂತು. ಗುತ್ತಿಗೆಯ ಮೊತ್ತ ಹೆಚ್ಚು. ಗುತ್ತಿಗೆದಾರರು ಅದನ್ನು ರೈತರಿಂದ ಕಿತ್ತರು, ಕೀಳಲಾಗದೆ ತಾವೂ ಹಾಳಾದರು. ಕಟ್ಟಿದ ಮನೆ ಕುಸಿಯುವಂತೆ ಏಳು ವರ್ಷದ ದುಡಿಮೆ ಕುಸಿಯಿತು. ಮನ್ರೋ ಅವರೇ ಗವರ್ನರಾಗಿ ಬಂದ ಕಾಲಕ್ಕೆ, 1820ರ ಈಚೆಗೆ, ಅವರು ಕೇಳಿದ್ದ ಇಳಿತಾಯದೊಡನೆ ರೈತವಾರಿ ದತ್ತಮಂಡಲಕ್ಕೆ ಹಿಂತಿರುಗಿತು. ನಡುವಿನ ಹನ್ನೆರಡು ಹದಿಮೂರು ವರ್ಷಗಳ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಮತ್ತೆ ಭಾರತಕ್ಕೆ

ಇಂಗ್ಲೆಂಡಿನಲ್ಲಿದ್ದಾಗ 1813ರಲ್ಲಿ ಮನ್ರೋ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿದರು. ಭಾರತದ ಬೇಸಾಯವನ್ನೂ ಕೈಕಸಬುಗಳನ್ನೂ ಅಲ್ಲಿ ಹೊಗಳಿದರು. ತಾವು ಏಳು ವರ್ಷ ಬಳಸಿದ ಭಾರತದ ಶಾಲು ಇನ್ನೂ ಹೊಸದರಂತಿದೆ ಎಂಬುದನ್ನು ನಿದರ್ಶನವಾಗಿ ಕೊಟ್ಟರು. 1814ರಲ್ಲಿ ಜೇನ್ ಕ್ಯಾಂಪ್‌ಬೆಲ್ ಅವರನ್ನು ವಿವಾಹವಾಗಿ ಭಾರತಕ್ಕೆ ಮರಳಿದರು. ನ್ಯಾಯಾಡಳಿತದ ಸುಧಾರಣೆ ಅವರಿಗೆ ಒಪ್ಪಿಸಲ್ಪಟ್ಟಿತು. ಅದರ ಫಲವಾಗಿ 1816ರಲ್ಲಿ ಗ್ರಾಮ ಮುನ್ಸೀಫರಿಗೂ ಪಂಚಾಯತಿಗಳಿಗೂ ಸಣ್ಣ ವ್ಯಾಜ್ಯಗಳನ್ನು ತೀರಿಸುವ ಅಧಿಕಾರ ದೊರೆಯಿತು.

1817-18ರ ಮರಾಠಾ ಯುದ್ಧದಲ್ಲಿ ಅವರು ಮತ್ತೆ ಕತ್ತಿ ಹಿಡಿದರು. ಸ್ವಲ್ಪ ಸೈನ್ಯ ಮತ್ತು ಊರವರ ನೆರವಿನಿಂದ ಧಾರವಾಡದ ಕಡೆಯಿಂದ ಹೊರಟು ಬಾದಾಮಿ, ಬೆಳಗಾವಿ, ಕೊನೆಗೆ ಸೊಲ್ಲಾಪುರವನ್ನು ಗೆದ್ದರು. ಹೀಗೆ ಕೃಷ್ಣಗಿರಿಯಿಂದ ಕಾಸರಗೋಡಿಗೆ, ಆದವಾನಿಯಿಂದ ಸೊಲ್ಲಾಪುರಕ್ಕೆ, ಇಂದು ಕರ್ನಾಟಕದ ಗಡಿಯ ಆಚೆ ಇರುವ ಎಷ್ಟೋ ಸೀಮೆಗಳನ್ನು ಅವರು ತಮ್ಮ ಕುದುರೆಯ ಮೇಲೆ ಕಂಡಿದ್ದರು.

ಶಾಲೆಗಳ ಲೆಕ್ಕ

1820ರಲ್ಲಿ ಮನ್ರೋ ಮದ್ರಾಸಿನ ಗವರ್ನರಾದರು. ಅವರು ಮಾಡಿದ ಅನೇಕ ಕೆಲಸಗಳಲ್ಲಿ ಶಾಲೆಗೆ ಸೇರಿದ ನಮಗೆಲ್ಲ ಮುಖ್ಯವಾದುದು ವಿದ್ಯಾಭ್ಯಾಸದ ತನಿಖೆ. 1822ರಲ್ಲಿ ಪ್ರತಿ ಕಲೆಕ್ಟರರಿಗೂ ಬರೆದು ಊರುಗಳಲ್ಲಿರುವ ಶಾಲೆಗಳ ಲೆಕ್ಕ ಕೇಳಿದರು. ಇಡೀ ಮದ್ರಾಸ್ ಪ್ರಾಂತದಲ್ಲಿ 12,498 ಶಾಲೆಗಳೂ 1,88,650 ವಿದ್ಯಾರ್ಥಿಗಳೂ ಇದ್ದುದು ತಿಳಿದುಬಂತು.

ಇದರಲ್ಲಿ ಬಳ್ಳಾರಿ ಜಿಲ್ಲೆಯ ವರದಿಯನ್ನು 1823ರಲ್ಲಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಕಳಿಸಿದರು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಸೇರಿದ್ದವು. ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಸಂಸ್ಕೃತದವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು ಒಂದೇ ಒಂದು. ಕನ್ನಡ ಮತ್ತು ತೆಲುಗು ಇಲ್ಲಿ ಎಷ್ಟು ಸಮಸಮನಾಗಿ ನಡೆದುಬಂದಿವೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಎರಡು ಭಾಷೆ ಬಲ್ಲ ಸೀಮೆ ನಮ್ಮದು. ಅದು ಇಂದು ನಿನ್ನೆಯ ಮಾತಲ್ಲ.

ಅದೇ ವರದಿಯಲ್ಲಿ ನೋವಿನ ಸಂಗತಿಯೂ ಇದೆ. ಮೊದಲು ಶಾಲೆಗಳಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಶಾಲೆಯೇ ಇಲ್ಲವೆಂದು ಕ್ಯಾಂಪ್‌ಬೆಲ್ ತಿಳಿಸಿದರು. ಕಾರಣ ಬಡತನ. ಇಂಗ್ಲೆಂಡಿನ ಬಟ್ಟೆ ಬಂದು ನಮ್ಮ ನೇಕಾರರ ಮಗ್ಗ ನಿಂತಿತ್ತು. ನಾಡಿನ ಹಣ ಹೊರಗೆ ಹರಿದಿತ್ತು. ಮಗನನ್ನು ಓದಿಸುವ ಶಕ್ತಿ ತಂದೆತಾಯಿಗಳಿಗೆ ಉಳಿದಿರಲಿಲ್ಲ. ಕಂದಾಯ, ಮಗ್ಗ, ಶಾಲೆ ಈ ಮೂರೂ ಒಂದೇ ದಾರದಲ್ಲಿ ಪೋಣಿಸಿದವು ಎಂಬುದನ್ನು ಈ ವರದಿ ಸ್ಪಷ್ಟವಾಗಿ ಹೇಳುತ್ತದೆ. ಕಂಪನಿಯ ಒಬ್ಬ ಅಧಿಕಾರಿ ಎಷ್ಟೇ ಒಳ್ಳೆಯವನಾದರೂ ಕಂಪನಿಯ ಆಳಿಕೆಯಿಂದ ಆದ ಕೇಡನ್ನು ತಡೆಯಲಾಗಲಿಲ್ಲ. ಇದನ್ನು ನಾವು ಮರೆಯಬಾರದು.

ಮನ್ರೋ ಪ್ರತಿ ಜಿಲ್ಲೆಯಲ್ಲೂ ತಾಲ್ಲೂಕಿನಲ್ಲೂ ಸರಕಾರಿ ಖರ್ಚಿನಿಂದ ಶಾಲೆ ತೆರೆಯುವ ಯೋಜನೆಯನ್ನು 1826ರಲ್ಲಿ ಮುಂದಿಟ್ಟರು. ಭಾರತೀಯರಿಗೆ ದೊಡ್ಡ ಹುದ್ದೆಗಳನ್ನು ಕೊಡಬೇಕು, ಅವರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲವರಾದಾಗ ಇಂಗ್ಲಿಷರು ಅಧಿಕಾರ ಬಿಟ್ಟುಕೊಡುವುದೇ ಒಳ್ಳೆಯದು ಎಂದು 1824ರಲ್ಲೇ ಅವರು ಬರೆದಿಟ್ಟಿದ್ದರು. ಆ ಕಾಲದಲ್ಲಿ ಹೀಗೆ ಯೋಚಿಸಿದ ಇಂಗ್ಲಿಷ್ ಅಧಿಕಾರಿಗಳು ವಿರಳ.

ಪತ್ತಿಕೊಂಡದಲ್ಲಿ ಕೊನೆ

1827ರಲ್ಲಿ ಕೆಲಸ ಬಿಟ್ಟು ಸ್ವದೇಶಕ್ಕೆ ಹೊರಡುವ ಮುನ್ನ ತಮ್ಮ ಪ್ರೀತಿಯ ದತ್ತಮಂಡಲವನ್ನು ಇನ್ನೊಮ್ಮೆ ನೋಡಬೇಕೆಂದು ಮನ್ರೋ ಮದ್ರಾಸಿನಿಂದ ಹೊರಟರು. ಹೆಂಡತಿ ಮೊದಲೇ ಇಂಗ್ಲೆಂಡಿಗೆ ಹೋಗಿದ್ದರು. ಆ ವರ್ಷ ಈ ಕಡೆ ಕಾಲರಾ ಹರಡಿತ್ತು. ಗುತ್ತಿಯಿಂದ ಪತ್ತಿಕೊಂಡಕ್ಕೆ ಬಂದ ದಿನ, ಜುಲೈ 6ರ ಬೆಳಿಗ್ಗೆ, ಅವರಿಗೂ ಆ ರೋಗ ತಗಲಿತು. ಅದೇ ರಾತ್ರಿ, 66ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಗುತ್ತಿಯಲ್ಲಿ ಅವರನ್ನು ಸಮಾಧಿ ಮಾಡಿದರು. ಕೆಲವು ವರ್ಷಗಳ ಬಳಿಕ ಅಸ್ಥಿಗಳನ್ನು ಮದ್ರಾಸಿನ ಕೋಟೆಯ ಚರ್ಚಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವರ ನೆನಪಿಗೆ ತೋಪು ಬೆಳೆಸಿ ಬಾವಿ ಕಟ್ಟಿಸಿದರು. ಚೆನ್ನೈ ನಗರದಲ್ಲಿ ಕುದುರೆಯ ಮೇಲೆ ಕುಳಿತ ಅವರ ಪ್ರತಿಮೆಯನ್ನು ಪ್ರವಾಸಕ್ಕೆ ಹೋದವರು ನೋಡಿರಬಹುದು. ಆದರೆ ಬಿಸಿಲಿನ ಸೀಮೆಯ ದಾರಿಹೋಕನಿಗೆ ನೆರಳು ಮತ್ತು ನೀರು ಕೊಡುವ ಸ್ಮಾರಕವೇ ಅವರಿಗೆ ಹೆಚ್ಚು ಒಪ್ಪುವಂಥದು.

ನಾವು ಕಲಿಯಬೇಕಾದುದು

ಮನ್ರೋ ಕೆರೆಗಳನ್ನು ದುರಸ್ತಿ ಮಾಡಿಸಿದರು. ಆದರೆ ಗಡಿಯಾಗಿ ಹರಿಯುತ್ತಿದ್ದ ತುಂಗಭದ್ರೆಯ ನೀರನ್ನು ಈ ಸೀಮೆಯ ಹೊಲಗಳಿಗೆ ತರಲು ಒಬ್ಬ ಕಲೆಕ್ಟರ್ ಸಾಲದು. ಅದಕ್ಕೆ ನದಿಯ ಎರಡು ದಡದ ಸರಕಾರಗಳೂ ಒಪ್ಪಬೇಕಿತ್ತು. 1860ರಲ್ಲಿ ಹುಟ್ಟಿದ ಆ ಯೋಜನೆ ಒಪ್ಪಂದವಿಲ್ಲದೆ ಎಂಟು ದಶಕಗಳಿಗೂ ಹೆಚ್ಚು ಕಾಲ ಕಾಗದದಲ್ಲೇ ಉಳಿಯಿತು. ಕೊನೆಗೆ 1944ರಲ್ಲಿ ಮದ್ರಾಸು ಮತ್ತು ಹೈದರಾಬಾದು ಒಪ್ಪಿದವು; 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ಶಂಕುಸ್ಥಾಪನೆಯಾಯಿತು; 1953ರಲ್ಲಿ ಕಾಲುವೆಗೆ ನೀರು ಬಂತು. ರಾಜ್ಯಗಳು ಒಡೆದು ಹೊಸದಾದರೂ ಅಣೆಕಟ್ಟು ಒಡೆಯಲಿಲ್ಲ. ತುಂಗಭದ್ರಾ ಮಂಡಳಿಯ ಮೂಲಕ ರಾಜ್ಯಗಳು ಅದನ್ನು ಕೂಡಿ ನೋಡಿಕೊಳ್ಳುತ್ತಿವೆ. 2024ರ ಆಗಸ್ಟ್ 10ರ ರಾತ್ರಿ ಅದರ 19ನೆಯ ಗೇಟು ಕೊಚ್ಚಿಹೋದಾಗ ಎರಡು ರಾಜ್ಯಗಳ ರೈತರೂ ಒಂದೇ ಭಯದಿಂದ ನಿದ್ದೆಗೆಟ್ಟರು. ಒಂದು ವಾರದಲ್ಲಿ, ನೀರು ಹರಿಯುತ್ತಿದ್ದಂತೆಯೇ, ಪರಿಣತರೂ ಕೆಲಸಗಾರರೂ ಸೇರಿ ತಾತ್ಕಾಲಿಕ ತಡೆ ಇಳಿಸಿ ಉಳಿದ ನೀರನ್ನು ಕಾಪಾಡಿದರು. ಆದವಾನಿಯ ಹೊಲಕ್ಕೂ ಸಿರುಗುಪ್ಪದ ಗದ್ದೆಗೂ ಆ ನೀರು ಒಂದೇ.

ವಿದ್ಯಾರ್ಥಿ ಮಿತ್ರರೇ, ಮನ್ರೋ ದೊಡ್ಡ ಅಣೆಕಟ್ಟು ಕಟ್ಟಲಿಲ್ಲ, ಕಾರ್ಖಾನೆ ತೆರೆಯಲಿಲ್ಲ. ಜನರ ಭಾಷೆ ಕಲಿತು ಅವರ ಮಾತು ಕೇಳಿದರು, ಹೊಲವನ್ನು ಸರಿಯಾಗಿ ಅಳೆದರು, ಕೆರೆ ಕಾಪಾಡಿದರು, ಭಾರ ಹೆಚ್ಚಾದಾಗ ಇಳಿಸಿರೆಂದು ತಮ್ಮ ಮೇಲಿನವರಿಗೆ ಬರೆದರು. ನಿಮ್ಮಲ್ಲಿ ಕೆಲವರು ನಾಳೆ ಗ್ರಾಮ ಲೆಕ್ಕಿಗರೋ, ತಹಸೀಲ್ದಾರರೋ, ಇಂಜಿನಿಯರರೋ, ಉಪಾಧ್ಯಾಯರೋ ಆಗುವಿರಿ. ಕನ್ನಡ, ತೆಲುಗು ಎರಡನ್ನೂ ಬಲ್ಲ ನಿಮಗೆ ಗಡಿಯ ಎರಡು ಕಡೆಯ ಜನರ ಮಾತೂ ನೇರವಾಗಿ ಅರ್ಥವಾಗುತ್ತದೆ. ಮನ್ರೋ ವರ್ಷಗಟ್ಟಲೆ ದುಡಿದು ಪಡೆದ ಆ ಯೋಗ್ಯತೆ ನಿಮಗೆ ಹುಟ್ಟಿನಿಂದಲೇ ಬಂದಿದೆ. ಅದನ್ನು ಕೊರತೆಯೆಂದು ತಿಳಿಯದೆ ಈ ಸೀಮೆಯ ಏಳಿಗೆಗೆ ಬಳಸಿರಿ ಎಂಬುದೇ ನಮ್ಮ ಹಾರೈಕೆ.